ಬಂಡೆಯ ಹಳದಿ ಕಡೆ

"ತೋಟದೊಳಕ್ಕೆ ಗಾಡಿ ಬುಟ್ರೆ ಅದು ತೋಟ ಆಗಲ್ಲ ಕಣ್ರೀ, ಬಸ್‌ಸ್ಟ್ಯಾಂಡ್ ಆಯ್ತದೆ," ಎಂದು ಸುಮನಾ ಬಂಡೆಯ ಈ ತುದಿಯಿಂದ ಕೂಗಿದಳು.

"ಗಾಡಿ ಇಲ್ದಿದ್ರೆ ಆ ಊರಿಂದ ಆಚೆ ಹೋಗೋದೆಂಗೆ?" ಆ ತುದಿಯಿಂದ ಧರ್ಮ ಕೂಗಿದ.

"ಯಾಕ್ ಹೋಗ್ಬೇಕು?"

"ಒಂದೇ ಊರಲ್ಲಿ ಮೂಲಂಗಿ ಬೆಳ್ಕೊಂಡು ಎಷ್ಟು ದಿನ ಕೂರ್ತೀರ? ಅದ್ಕೇ ಎರಡನೇ ಭಾಗದಲ್ಲಿ ರೋಡ್ ಕೊಡ್ತಾವ್ರೆ."

ಧರ್ಮನ ಪಕ್ಕದಲ್ಲಿ ಕೂತು ಮಗಳ ಜೊತೆ ಮಾತಾಡುತ್ತಿದ್ದ ಲಕ್ಕಯ್ಯ ಫೋನನ್ನು ಕಿವಿಯಿಂದ ತೆಗೆದ. "ಏನ್ ಮಾರಾಯ, ಇಲ್ದೇ ಇರೋ ತೋಟಕ್ಕೆ ದಿನಾ ಈ ಪಾಟಿ ಜಗಳ. ಇರೋ ತೋಟಕ್ಕೂ ನಾವು ಅಣ್ಣತಮ್ಮಂದ್ರು ಇಷ್ಟು ಆಡ್ನಿಲ್ಲ."

ಲಕ್ಕಯ್ಯ ಹೇಳಿದ್ದು ಸರಿಯೇ. ಜಗಳ ನಡೆಯುತ್ತಿದ್ದುದು 'ಲಾಂಗ್ ವ್ಯಾಲಿ' ಎಂಬ ಫೋನಿನ ಆಟದ ಬಗ್ಗೆ. ಅದರಲ್ಲಿ ಒಂದು ತುಂಡು ಭೂಮಿ ಕೊಡುತ್ತಾರೆ. ಬಿತ್ತಬೇಕು, ನೀರು ಹಾಯಿಸಬೇಕು, ಊರವರ ಜೊತೆ ಮಾತಾಡಬೇಕು, ಅಷ್ಟೆ. ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಸುಮನಾಗೆ ಆ ಆಟವೆಂದರೆ ಪ್ರಾಣ. ಧರ್ಮನಿಗೆ ಬೇಕಾದದ್ದು ರೇಸು. ಚಿಕ್ಕಂದಿನಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ಗೇಮಿನ ಕಾರೇ ಈಗಿನ ಎಲ್ಲ ಆಟಗಳಿಗಿಂತ ಮೇಲು ಎಂದು ವಾದಿಸುವವನು ಅವನು. ಆದರೆ 'ಲಾಂಗ್ ವ್ಯಾಲಿ'ಯ ಎರಡನೇ ಭಾಗ ಬರುತ್ತದೆ, ಅದರಲ್ಲಿ ಗಾಡಿಗಳೂ ಇರುತ್ತವೆ ಎಂಬ ಸುದ್ದಿ ಬಂದಾಗಿನಿಂದ ಅವನೂ ಅದರ ಹಿಂದೆ ಬಿದ್ದಿದ್ದ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಆ ಕಂಪನಿಯವರು ಮುಂದಕ್ಕೆ ಹಾಕುತ್ತಲೇ ಇದ್ದರು. ಇವರ ವಾದಕ್ಕೆ ಅದರಿಂದ ಅನುಕೂಲವೇ ಆಗಿತ್ತು.

ಇನ್ನು, ಪಕ್ಕದಲ್ಲಿ ಕೂತು ಮೆಲ್ಲಗೆ ವಾದಿಸಬಾರದೇ ಎಂದರೆ, ಅದಕ್ಕೆ ಬಂಡೆ ಬಿಡುತ್ತಿರಲಿಲ್ಲ. ವನಗೂರಿನಿಂದ ಸ್ವಲ್ಪ ಕೆಳಗೆ, ರಸ್ತೆಯ ತಿರುವಿನಲ್ಲಿರುವ ಆ ಬಂಡೆಯ ಮೇಲೆ ಮಾತ್ರ ಸುತ್ತಲಿನವರಿಗೆ ನೆಟ್‌ವರ್ಕ್ ಸಿಗುತ್ತಿದ್ದುದು. ಎಲ್ಲೂ ಕೆಲಸ ಮಾಡುವ ಟವರ್ ಇಲ್ಲದ್ದರಿಂದಲೇ ಜನ ಅದನ್ನು ಟವರ್ ಬಂಡೆ ಎನ್ನುತ್ತಿದ್ದರು. ಅಲ್ಲೂ ಒಂದು ಕಟ್ಟುಪಾಡು. ಹಸಿರು ಬಣ್ಣದ ಕಂಪನಿಯ ಸಿಮ್ ಇದ್ದವರಿಗೆ ಊರ ಕಡೆಯ ತುದಿಯಲ್ಲಿ ಸಿಗ್ನಲ್, ಹಳದಿಯವರಿಗೆ ಕಣಿವೆ ಕಡೆಯ ತುದಿಯಲ್ಲಿ. ನಡುವೆ ಏನೂ ಸಿಗದು. ಸಂಜೆ ಕೆಲಸ ಮುಗಿಸಿ ಬಂದವರು ಹಸಿರು ಕಡೆ, ಹಳದಿ ಕಡೆ ಎಂದು ಎರಡು ಪಂಕ್ತಿಯಾಗಿ ಕೂತು, ಕಾಡಾನೆ ಕಂಡರೆ ತಿಳಿಸುವ ಆನೆ ಗ್ರೂಪಿನಲ್ಲಿ ಸಂದೇಶ ಬಂದರೆ ಒಟ್ಟಿಗೇ ಎದ್ದು ಹೊರಡುವರು. ಸುಮನಾ ಹಸಿರು, ಧರ್ಮ ಹಳದಿ. ಹೀಗಾಗಿ ವರ್ಷಗಳಿಂದ ಅವರಿಬ್ಬರ ಒಂದು ಮಾತೂ ಊರಿಗೆ ಗುಟ್ಟಾಗಿರಲಿಲ್ಲ, ಒಬ್ಬರ ಫೋನ್ ನಂಬರ್ ಇನ್ನೊಬ್ಬರ ಬಳಿ ಇರಲೂ ಇಲ್ಲ. ದಿನಾ ಸಿಗುವವರಿಗೆ ನಂಬರ್ ಯಾಕೆ?

ಗುಟ್ಟೊಂದಿದ್ದರೆ ಅದು ಸುಮನಾಳ ಒಳಗಿತ್ತು. ಜೀಪು ಓಡಿಸುವ ಧರ್ಮನನ್ನು ಅವನಿಗಿಂತ ಚಿಕ್ಕವರೆಲ್ಲ ಧರ್ಮಣ್ಣ ಎನ್ನುವರು. ಸುಮನಾ ಮಾತ್ರ ಒಂದು ದಿನವೂ ಆ 'ಅಣ್ಣ'ವನ್ನು ಸೇರಿಸಿದವಳಲ್ಲ. ಬರೀ ಹೆಸರು ಹಿಡಿದು ಕರೆಯಲು ಬಾಯಿ ಬಾರದೆ 'ರೀ' ಎಂದೇ ಸುಧಾರಿಸಿದ್ದಳು. ಚಿಕ್ಕಪ್ಪ ನಂಜುಂಡಯ್ಯನ ದಿನಸಿ ಅಂಗಡಿಯಲ್ಲಿ ಬೆಳಗಿನಿಂದ ತೂಕ ಹಾಕಿ, ಪೊಟ್ಟಣ ಕಟ್ಟಿ, ಸಂಜೆಯಾಗುವುದನ್ನೇ ಕಾಯುವಳು. ಬಂದ ಗಂಡುಗಳನ್ನೆಲ್ಲ ಒಂದಲ್ಲ ಒಂದು ನೆವ ಹೇಳಿ ಕಳಿಸಿದ ಮೇಲೆ ತಾಯಿ ವಿಶಾಲಮ್ಮ ಒಮ್ಮೆ ನೇರವಾಗಿಯೇ, "ಆ ಜೀಪಿನವ್ರ ಮನೆ ರೀತಿ ಬೇರೆ, ನಮ್ ಮನೆ ರೀತಿ ಬೇರೆ ಕಣವ್ವ," ಎಂದಿದ್ದರು. ಆಟದ ಬಗ್ಗೆ ಮಾತಾಡುವುದು ತಪ್ಪೇ ಎಂದು ಸುಮನಾ ಕೇಳಿದ್ದಳು.

"ಎರಡನೇ ಭಾಗದಲ್ಲಿ ಇಬ್ರು ಸೇರ್ಕೊಂಡು ಒಂದೇ ತೋಟ ಮಾಡ್ಬೋದಂತೆ," ಎಂದು ಧರ್ಮ ಅಂದಿನ ಗಾಡಿ ಜಗಳದ ಕೊನೆಗೆ ಕೂಗಿದ. "ಒಬ್ರು ಅವ್ರ ಮನೇಲಿ, ಇನ್ನೊಬ್ರು ಇವ್ರ ಮನೇಲಿ. ಮಾತೂ ಆಡ್ಬೋದು."

ಹಸಿರು ಕಡೆಯಲ್ಲಿ ಯಾರೋ ಕಿಸಕ್ಕೆಂದರು. ಸುಮನಾಗೆ ಮುಖ ಬಿಸಿಯಾಯಿತು. "ಒಬ್ರ ತೋಟದಲ್ಲಿ ಇನ್ನೊಬ್ರಿಗೇನ್ರೀ ಕೆಲ್ಸ?" ಎಂದುಬಿಟ್ಟಳು. ಎಂದೂ ಮಾತಿಗೆ ಮಾತು ಬಿಡದ ಧರ್ಮ ಆ ಸಂಜೆ ಸುಮ್ಮನೆ ಫೋನ್ ಜೇಬಿಗಿಟ್ಟುಕೊಂಡು ಎದ್ದುಹೋದ. ಹಾಗೆ ಹೇಳಬಾರದಿತ್ತು ಎಂದು ಸುಮನಾ ಮನೆಗೆ ಹೋಗುವ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಅದರ ಬೆನ್ನಿಗೇ ಟವರ್ ಬಂತು. ನಿಜವಾದ ಟವರ್. ವನಗೂರಿನ ಗುಡ್ಡದ ಮೇಲೆ ಬಹಳ ದಿನದಿಂದ ಬರೀ ಕಬ್ಬಿಣವಾಗಿ ನಿಂತಿದ್ದದ್ದಕ್ಕೆ ಹಸಿರು ಕಂಪನಿಯವರು ಒಂದು ಬೆಳಿಗ್ಗೆ ಜೀವ ಕೊಟ್ಟರು. ಅಂಗಡಿಯ ಗಲ್ಲಾದ ಮೇಲಿದ್ದ ಸುಮನಾಳ ಫೋನು ಒಂದೇ ಸಮನೆ ಟಿಣ್ ಟಿಣ್ ಎನ್ನತೊಡಗಿತು. ನಂಜುಂಡಯ್ಯ ಕೈ ಮುಗಿದರು. ವಿಶಾಲಮ್ಮ, "ಸದ್ಯ, ಇನ್ಮ್ಯಾಲೆ ಬಂಡೆ ಗಿಂಡೆ ಅಂತ ಓಡೋದು ಬ್ಯಾಡ. ಮನೇಲೇ ಕೂತು ಏನ್ ಬೇಕಾದ್ರೂ ನೋಡ್ಕೋ," ಎಂದರು. ಊರೆಲ್ಲ ಹಬ್ಬದಂತಿದ್ದ ಆ ದಿನ ಸುಮನಾ ಒಬ್ಬಳಿಗೆ ಏನೋ ಕಳೆದುಹೋದಂತಾಯಿತು. ಹಳದಿಯವರಿಗೆ ಇನ್ನೂ ಬಂಡೆಯೇ ಗತಿ, ಧರ್ಮ ಅಲ್ಲೇ ಇರುತ್ತಾನೆ. ತಾನು ಏನು ಹೇಳಿಕೊಂಡು ಅಲ್ಲಿಗೆ ಹೋಗುವುದು?

ಯೋಚನೆ ಮಾಡಿ ಮಾಡಿ ಅವಳು ಮಾಡಿದ್ದು ಇದು. ಅಂಗಡಿಗೆ ಸಾಮಾನು ತರುವ ನೆವದಲ್ಲಿ ಬಾಳ್ಳುಪೇಟೆಗೆ ಹೋಗಿ, ಅದೇ ನಂಬರ್ ಇಟ್ಟುಕೊಂಡು ಹಸಿರಿನಿಂದ ಹಳದಿಗೆ ಬದಲಾಯಿಸಲು ಕೊಟ್ಟುಬಂದಳು. ಮೊಬೈಲ್ ಅಂಗಡಿಯವನು ಅವಳನ್ನು ಎರಡೆರಡು ಸಲ ನೋಡಿದ.

"ನಿಮ್ ಕಡೆಯವ್ರೆಲ್ಲ ಹಳದಿ ಬುಟ್ಟು ಹಸ್ರಿಗೆ ಬತ್ತಾವ್ರೆ. ನೀವು ಉಲ್ಟಾ ಹೋಯ್ತಿದೀರಲ್ಲಕ್ಕ. ಆಮ್ಯಾಲೆ ಮೂರು ತಿಂಗ್ಳು ವಾಪಸ್ ಬರಂಗಿಲ್ಲ, ನೋಡ್ಕಳಿ."

"ಗೊತ್ತೈತೆ, ಮಾಡ್ಕೊಡಿ," ಎಂದಳು.

ಹೊಸ ಸಿಮ್ ಜೀವ ಹಿಡಿದ ದಿನ ಮನೆಯಲ್ಲಿ ಸಿಗ್ನಲ್ ಸತ್ತಿತು. ಫೋನೇ ಕೆಟ್ಟಿದೆಯೇನೋ, ಬಂಡೆಯ ಹತ್ತಿರ ನೋಡುತ್ತೇನೆ ಎಂದು ತಾಯಿಗೆ ಹೇಳಿ ಅವಳು ಹೊರಟಳು. ಮೊದಲ ಬಾರಿಗೆ ಹಳದಿ ಕಡೆ, ಅವನ ಪಕ್ಕದಲ್ಲಿ ಕೂರುವುದು. ಮೆಲ್ಲಗೆ ಮಾತಾಡಬಹುದು. ಅಂದು ಹಾಗೆ ಅನ್ನಬಾರದಿತ್ತು ಎಂದು ಹೇಳಲೂಬಹುದು.

ಬಂಡೆಯ ಮೇಲೆ ಲಕ್ಕಯ್ಯ ಒಬ್ಬನೇ ಇದ್ದ.

"ಎಲ್ರೂ ಹಸ್ರಿಗೆ ಹೋಗ್ಬುಟ್ರು ಕಣವ್ವ," ಎಂದ ಅವನು. "ನಾನು ಹೋಗಾಕಿಲ್ಲ. ಮನೇಲಿ ಮಾತಾಡುದ್ರೆ ಸೊಸೆ ಕೇಳಿಸ್ಕತಾಳೆ."

"ಜೀಪಿನವ್ರು?"

"ಧರ್ಮನಾ? ಅವ್ನೇ ಎಲ್ರಿಗಿಂತ ಮೊದ್ಲು ಹೋದೋನು."

ಸುಮನಾಗೆ ಅಳು ಬಂದಂತಾಯಿತು. ಅಳಲಿಲ್ಲ. ಲಕ್ಕಯ್ಯನ ಮುಂದೆ ಅತ್ತರೆ ಅದು ಅವನ ಮಗಳ ಮೂಲಕ ಅವಳಿರುವ ಆಲೂರಿನವರೆಗೂ ಹೋಗುತ್ತದೆ. ಮರುದಿನವೂ ಬಂದಳು, ಅದರ ಮರುದಿನವೂ. ತಿರುವಿನಲ್ಲಿ ಜೀಪಿನ ಸದ್ದಾದಾಗಲೆಲ್ಲ ಕತ್ತೆತ್ತುವಳು; ಯಾವುದೋ ಎಸ್ಟೇಟಿನ ಆಳುಗಳನ್ನು ತುಂಬಿಕೊಂಡ ಬೇರೆ ಜೀಪು ಏದುಸಿರು ಬಿಡುತ್ತ ಹತ್ತಿಹೋಗುವುದು. ಬಂಡೆಯಿಂದ ಕೆಳಗೆ ಬಗ್ಗಿದರೆ ಕಾಫಿ ಗಿಡಗಳ ನಡುವೆ ಅವನ ಮನೆಯ ಹೆಂಚು ಕಾಣುತ್ತಿತ್ತು, ಅಂಗಳದಲ್ಲಿ ನಿಂತ ಜೀಪಿನ ಟಾರ್ಪಾಲೂ. ಇಷ್ಟು ಹತ್ತಿರ ಎಂದು ಹಸಿರು ಕಡೆಯಿಂದ ಅವಳಿಗೆ ಎಂದೂ ಕಂಡಿರಲಿಲ್ಲ. ಅವನಿಗೆ ಬೇಕಾಗಿದ್ದುದು ಬರೀ ನೆಟ್‌ವರ್ಕು, ತಾನು ಏನೇನೋ ಅಂದುಕೊಂಡೆ ಎಂದು ಅವಳು ಮನಸ್ಸಿಗೆ ಬುದ್ಧಿ ಹೇಳಿದಳು. ಮನಸ್ಸು ಕೇಳಲಿಲ್ಲ.

ಅಂಥದ್ದೇ ಒಂದು ಸಂಜೆ, ಮುಂದಕ್ಕೆ ಹೋಗುತ್ತಲೇ ಇದ್ದ 'ಲಾಂಗ್ ವ್ಯಾಲಿ'ಯ ಎರಡನೇ ಭಾಗ ಕೊನೆಗೂ ಬಂತು. ಲಕ್ಕಯ್ಯ ಅಂದು ಇರಲಿಲ್ಲ, ಆನೆ ಗ್ರೂಪಿನಲ್ಲೂ ಏನೂ ಇರಲಿಲ್ಲ. ಇಳಿಬಿಸಿಲಿನಲ್ಲಿ ಕೂತು, ಆಟ ಫೋನಿಗೆ ಇಳಿಯುವವರೆಗೆ ಕಾದು, ಅವಳು ತೋಟ ತೆರೆದಳು. ಬಂಡೆಯ ಮೇಲೆ ಎಲ್ಲರಿಗೂ ಗೊತ್ತಿದ್ದ ಹಳೆಯ ಹೆಸರನ್ನೇ ಇಟ್ಟಳು: ವಿಶಾಲ ಎಸ್ಟೇಟ್. ಈಗ ತೋಟಕ್ಕೊಂದು ಗೇಟು ಇತ್ತು, ಗೇಟಿನಾಚೆ ಮಣ್ಣಿನ ರಸ್ತೆ. ಧರ್ಮ ಹೇಳಿದ್ದು ಸುಳ್ಳಲ್ಲ, ರಸ್ತೆ ಇದ್ದರೆ ತೋಟ ಚೆನ್ನಾಗಿಯೇ ಕಾಣುತ್ತಿತ್ತು. ಒಂದು ಸಾಲು ಮೂಲಂಗಿ ಬಿತ್ತುವಷ್ಟರಲ್ಲಿ ಗೇಟಿನ ಗಂಟೆ ಬಡಿಯಿತು. 'ಜೀಪ್ ಧರ್ಮ ನಿಮ್ಮ ತೋಟಕ್ಕೆ ಬರಲು ಕೇಳುತ್ತಿದ್ದಾರೆ' ಎಂದು ಅಕ್ಷರಗಳು ಮೂಡಿದವು.

ಅವಳು 'ಸರಿ' ಎಂಬುದನ್ನು ಒತ್ತಿದಳು. ಟೋಪಿ ಹಾಕಿದ ಪುಟ್ಟ ಮನುಷ್ಯನೊಬ್ಬ ಗೇಟಿನ ಹೊರಗೇ ನಿಂತಿದ್ದ.

"ಬರ್ಬೋದಾ?" ಫೋನಿನೊಳಗಿಂದ ಧರ್ಮನ ದನಿ ಬಂತು. ಅವನು ಮೆಲ್ಲಗೆ ಮಾತಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. "ಒಬ್ರ ತೋಟದಲ್ಲಿ ಇನ್ನೊಬ್ರಿಗೇನು ಕೆಲ್ಸ ಅಂದಿದ್ರಿ."

"ಬನ್ನಿ," ಎಂದಳು.

"ಇದು ಬರೋ ಹೊತ್ಗೆ ಮನೇಲಿ ನೆಟ್‌ವರ್ಕ್ ಇರ್ಲಿ ಅಂತ್ಲೇ ಹಸಿರು ಹಾಕುಸ್ಕಂಡೆ. ಬಂಡೆ ಮ್ಯಾಲೆ ಎಲ್ರ ಮುಂದೆ ಕೂಗಾಡಿ ಸಾಕಾಗಿತ್ತು ಕಣ್ರೀ. ನೀವು ಮನೇಲಿ, ನಾನು ಮನೇಲಿ, ಮೆತ್ತಗೆ ಮಾತಾಡ್ಬೋದು ಅನ್ಕಂಡೆ." ಆಮೇಲೆ ಕೇಳಿದ: "ಅದೇನು, ಗಾಳಿ ಸದ್ದು?"

ಅವಳು ಅಂಗೈಯನ್ನು ಫೋನಿಗೆ ಅಡ್ಡ ಹಿಡಿದಳು.

"ಎಲ್ಲಿದೀರ?"

"ಬಂಡೆ ಮ್ಯಾಲೆ."

"ಬಂಡೆ ಮ್ಯಾಲಾ? ನಿಮ್ದು ಹಸಿರಲ್ವಾ? ಮನೇಲೇ ಬತ್ತದಲ್ಲ."

"ಹಳದಿ ಮಾಡುಸ್ಕೊಂಡೆ."

"ಯಾಕ್ರೀ?"

ಇಷ್ಟು ವರ್ಷ ಅವನ ಒಂದೊಂದು ಮಾತಿಗೂ ಎರಡೆರಡು ಉತ್ತರ ಇಟ್ಟುಕೊಂಡಿದ್ದವಳಿಗೆ ಈಗ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ನಿಮ್ ಕಡೆ ಕೂರೋಣ ಅಂತ," ಎಂದಳು.

ತೋಟದೊಳಗೆ ಎರಡು ಹೆಜ್ಜೆ ಬಂದಿದ್ದ ಟೋಪಿಯ ಮನುಷ್ಯ ಮೂಲಂಗಿ ಸಾಲಿನ ಪಕ್ಕ ಹಾಗೇ ನಿಂತುಬಿಟ್ಟ. ಲೈನ್ ತಪ್ಪಿತೇನೋ ಎಂದು ಅವಳು ಫೋನನ್ನು ಕಿವಿಗೊತ್ತಿಕೊಂಡಳು. ಲೈನ್ ಇತ್ತು. ಕೋಳಿಯ ಸದ್ದು ಬಂತು. ಹೆಂಗಸೊಬ್ಬರು, ಅವನ ತಾಯಿಯೇ ಇರಬೇಕು, "ಎಲ್ಲಿಗೋ ಈಗ? ಕಾಪಿ ಆರೋಯ್ತದೆ ಕಣೋ," ಎನ್ನುತ್ತಿದ್ದರು. ಆಮೇಲೆ ದೂರದಲ್ಲಿ ಜೀಪಿನ ಸ್ಟಾರ್ಟರ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿ ಹತ್ತಿಕೊಂಡಿತು. ಅವನು ಅಲ್ಲೇ ಬಿಟ್ಟುಹೋದ ಫೋನಿನಲ್ಲಿ ಆ ಸದ್ದು ಸಣ್ಣಗಾಗುತ್ತ ಹೋಗಿ ಕೋಳಿಗಳಷ್ಟೇ ಉಳಿದವು.

ಅದೇ ಸದ್ದು ಈಗ ಕೆಳಗಿನ ಕಾಫಿ ಗಿಡಗಳ ನಡುವಿನಿಂದ ಮೇಲೆ ಬರತೊಡಗಿತು. ಮೊದಲ ತಿರುವಿನಲ್ಲಿ ಗೇರು ಇಳಿಸಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಸುಮನಾ ಪಕ್ಕದಲ್ಲಿ ಬಂಡೆಯ ಮೇಲಿಟ್ಟಿದ್ದ ಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡಳು.