ಲಿಯಾಂಗ್ ಸಾಹುಕಾರನ ಮನೆಯ ಸೂತಕ

ತಾಕ್ ಇನ್‌ಗ್ಯು ತನ್ನ ಅಪ್ಪ ತೀರಿಕೊಂಡ ಸುದ್ದಿಯನ್ನು ಒಬ್ಬನಿಗೆ ಮಾತ್ರ ಹೇಳಿದ್ದ, ಅದೂ ಆಣೆ ಹಾಕಿಸಿಕೊಂಡು. ಆದರೆ ಆ ಒಬ್ಬ ಬಾನ್ ದುಸೊಪ್. ಮಧ್ಯಾಹ್ನದ ಹೊತ್ತಿಗೆ ಚೀನಾದ ಹಾಂಗ್‌ಚೌನಲ್ಲಿ ತಲೆಮರೆಸಿಕೊಂಡಿದ್ದ ಕೊರಿಯಾದವರೆಲ್ಲ ತಾಕ್‌ನ ಬಾಗಿಲಲ್ಲಿದ್ದರು. ಸುಮ್ಮನೆ ಬಂದಿದ್ದರೆ ಹೇಗೋ ಸಹಿಸಬಹುದಿತ್ತು. ಈ ಪುಣ್ಯಾತ್ಮರು ಸೂತಕದ ಒರಟು ನಾರುಬಟ್ಟೆ ತೊಟ್ಟು, ಓಣಿಯುದ್ದಕ್ಕೂ "ಐಗೋ, ಐಗೋ" ಎಂದು ಗೋಳಾಡುತ್ತ ಬಂದಿದ್ದರು.

ಓಣಿಯವರ ಪಾಲಿಗೆ ಈ ಮನೆಯಲ್ಲಿರುವವನು ಕ್ಯಾಂಟನ್ ಕಡೆಯ ಕನ್ನಡಕದ ವ್ಯಾಪಾರಿ ಲಿಯಾಂಗ್. ಕೊರಿಯಾದ ಸ್ವಾತಂತ್ರ್ಯ ಹೋರಾಟದ ಮುಂದಾಳು ತಾಕ್‌ನ ತಲೆಗೆ ಜಪಾನಿನವರು ಬಹುಮಾನ ಕಟ್ಟಿದ್ದರು, ಸಿಕ್ಕಿಬಿದ್ದರೆ ನೇಣು. ಅಡಗಿಕೊಳ್ಳಲು ಉಳಿದಿದ್ದ ಮನೆ ಇದೊಂದೇ.

"ಕಳಿಸಿಕೊಡೋಕೆ ಬಂದಿರೋದು ನಮ್ಮಪ್ಪನ್ನೋ, ನನ್ನನ್ನೋ?" ತಾಕ್ ಎಲ್ಲರನ್ನೂ ಒಳಗೆಳೆದು ಕದ ಹಾಕಿದ.

"ನಾಯಕ ನೀನು ಆಮೇಲೆ ಕಣಯ್ಯ, ಮೊದಲು ಮಗ," ಎಂದರು ಹಿರಿಯರಾದ ಮೇಂಗ್. ಅವರಾಗಲೇ ಮೇಜು ಎಳೆದು ಎಡೆ ಇಡತೊಡಗಿದ್ದರು. "ಕೆಂಪು ಹಣ್ಣು ಪೂರ್ವಕ್ಕೆ. ಆ ಬೋರೆಹಣ್ಣು ಈ ಕಡೆ ತಾ."

"ನಮ್ಮ ಪ್ಯೊಂಗಾನ್ ಸೀಮೇಲಿ ಬೋರೆಹಣ್ಣು ಪಶ್ಚಿಮಕ್ಕೇ ಇಡೋದು," ಎಂದ ದುಸೊಪ್. "ಹೋಗಿರೋರು ನಮ್ಮ ಸೀಮೆಯೋರು."

"ನಿಮ್ಮ ಸೀಮೇಲಿ ಶಾಸ್ತ್ರ ಅನ್ನೋದು ಬೇರೆ ಇತ್ತಾ?"

ಸರಿ, ಹತ್ತಿಕೊಂಡಿತು. ಬೋರೆಹಣ್ಣಿನ ತಟ್ಟೆ ಪೂರ್ವಕ್ಕೂ ಪಶ್ಚಿಮಕ್ಕೂ ಓಡಾಡಿತು. ಗಂಟಲು ಹರಿಯುವಂತೆ ಕಿರುಚಾಟ, ಅದೂ ಶುದ್ಧ ಕೊರಿಯನ್ ಭಾಷೆಯಲ್ಲಿ. ಇಂಥವರನ್ನು ಕಟ್ಟಿಕೊಂಡು ಸಾಮ್ರಾಜ್ಯವನ್ನು ಎದುರಿಸಬೇಕಲ್ಲ ಎಂದು ತಾಕ್ ಹಣೆ ಚಚ್ಚಿಕೊಂಡ.

ಅಷ್ಟರಲ್ಲಿ ಮನೆಯೊಡತಿ ಝೂ ಹಿತ್ತಲಿನಿಂದ ಏದುಸಿರು ಬಿಡುತ್ತ ಬಂದಳು. "ಲಿಯಾಂಗ್ ಸಾಹುಕಾರ್ರೇ, ಇಲ್ಲಿ ಅಳ್ತಿರೋರು ಯಾವ ದೇಶದೋರು ಅಂತ ಓಣಿ ಬಾಯಲ್ಲಿ ಇಬ್ಬರು ವಿಚಾರಿಸ್ತಿದ್ದಾರೆ."

ಬೋರೆಹಣ್ಣಿನ ತಟ್ಟೆ ಮೇಜಿನ ನಡುವೆಯೇ ನಿಂತುಬಿಟ್ಟಿತು.

"ಆ ನಾರುಬಟ್ಟೆ ಬಿಚ್ಚಿ, ಹಿತ್ತಲಿಂದ ಒಬ್ಬೊಬ್ಬರಾಗಿ ಹೊರಡಿ," ಎಂದ ತಾಕ್.

"ಎಡೆಗೆ ಅಡ್ಡಬಿದ್ದಾದರೂ ಹೋಗಪ್ಪ," ಎಂದರು ಮೇಂಗ್.

"ಪೂರ್ವವೋ ಪಶ್ಚಿಮವೋ ತೀರ್ಮಾನ ಆಗಲಿ, ಆಮೇಲೆ ಬೀಳ್ತೀನಿ!" ಎಂದು ರೇಗಿ, ದುಸೊಪ್‌ನ ರಟ್ಟೆ ಹಿಡಿದು ಹಿತ್ತಲ ಕಾಲುವೆಯಲ್ಲಿದ್ದ ಬಾಡಿಗೆ ದೋಣಿ ಹತ್ತಿದ.

ಊರು ದಾಟುತ್ತಲೇ ದುಸೊಪ್ ಬಿಕ್ಕತೊಡಗಿದ. "ನನ್ನಿಂದಾನೇ ಮನೆ ಹೋಯ್ತಣ್ಣ. ನಿಮ್ಮಪ್ಪನೋರಿಗೆ ಒಂದು ಎಡೇನೂ ಸಿಗಲಿಲ್ಲ." ತಾಕ್ ಮೊಣಕೈಯಿಂದ ತಿವಿದ. ಬಿಕ್ಕು ಹೆಚ್ಚಾಯಿತು.

"ಇವರ್ಯಾಕೆ ಅಳ್ತಾರೆ?" ದೋಣಿಯವನು ಕೇಳಿದ.

ಏನಾದರೂ ಹೇಳಲೇಬೇಕಿತ್ತು. "ಇವನಪ್ಪ ತೀರಿಕೊಂಡರು," ಎಂದ ತಾಕ್.

"ಅಯ್ಯೋ. ಕೊನೇಲಿ ಹತ್ತಿರ ಇದ್ರಾ?"

ದುಸೊಪ್ ಪಿಳಿಪಿಳಿ ನೋಡಿದ. ತಾಕ್‌ನೇ ಉತ್ತರ ಕೊಟ್ಟ: "ಇಲ್ಲ. ಮುಖ ನೋಡಿ ಬಹಳ ವರ್ಷ ಆಗಿತ್ತು."

ದೋಣಿಯವನು ಹುಟ್ಟು ಬಿಟ್ಟು ಬಂದು ದುಸೊಪ್‌ನ ಬೆನ್ನು ಸವರಿದ. "ಎಲ್ಲೋ ದುಡೀತಿದ್ದೀರಿ ಅಂತ ಅವರಿಗೂ ಗೊತ್ತಿತ್ತು ಬಿಡಿ. ಅಪ್ಪಂದಿರು ಮಕ್ಕಳ ಮೇಲೆ ಸಿಟ್ಟು ಇಟ್ಕೊಂಡು ಹೋಗಲ್ಲ."

ಆ ಒರಟು ಕೈ ದುಸೊಪ್‌ನ ಬೆನ್ನಿನ ಮೇಲೆ ಆಡುವುದನ್ನು ತಾಕ್ ನೋಡುತ್ತ ಕುಳಿತ. ಅವನಿಗೆ ಹೊಟ್ಟೆಕಿಚ್ಚಾಯಿತು. ದೋಣಿಯವನು ಹುಟ್ಟಿನ ಕಡೆ ತಿರುಗಿದ ಮೇಲೆ ದುಸೊಪ್ ಮುಖ ಒರೆಸಿಕೊಂಡು, "ಇನ್ನು ಅಳಲ್ಲ ಅಣ್ಣ," ಎಂದ.

ತಾಕ್ ಅವನ ಕಿವಿಗೆ ಬಾಗಿದ. "ಅಳೋ, ಮುಟ್ಠಾಳ," ಎಂದ. "ಚೆನ್ನಾಗಿ ಅಳು. ನಾನು ಅಳೋ ಹಾಗಿಲ್ಲ."