ಚೀಟಿಯಲ್ಲಿ ಬರೆಯದ ಏಣಿ

ಪರೀಕ್ಷೆಗೆ ಇನ್ನು ಮೂರು ವಾರವಿದ್ದಾಗ ಮೇಡಂ ಖಾಲಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಮುಂದಿನ ಬೆಂಚಿನ ಮೇಲಿಟ್ಟರು. ನಮಗೆ ಕ್ಯಾಲ್ಕುಲಸ್ ಕಲಿಸುತ್ತಿದ್ದವರು ಅವರು. ಬೋರ್ಡಿನ ಮೇಲೆ ತಾವೇ ತಪ್ಪಿದರೂ "ನೋಡಿದ್ರಾ, ನನಗೂ ಹೀಗೇ ಆಗುತ್ತೆ" ಎಂದು ನಕ್ಕು ಅಳಿಸುವ ಪೈಕಿ.

"ಯಾವ ಲೆಕ್ಕ ಕಂಡರೆ ನಿಮಗೆ ಕೈಕಾಲು ನಡುಗುತ್ತೋ ಅದನ್ನ ಒಂದು ಚೀಟೀಲಿ ಬರೆದು ಇದರೊಳಗೆ ಹಾಕಿ. ಹೆಸರೂ ಇರಲಿ. ಒಬ್ಬೊಬ್ಬರನ್ನೇ ನನ್ನ ರೂಮಿಗೆ ಕರೀತೀನಿ. ಅರ್ಧ ಗಂಟೆ ಕೂತು ಆ ಒಂದು ಭಯವನ್ನ ಮಾತ್ರ ನೋಡೋಣ."

ಪಕ್ಕದಲ್ಲಿ ಕೂತಿದ್ದ ಸೊನ್ನೆ ನನ್ನ ಮೊಣಕೈ ತಿವಿದಳು. ಮೊದಲ ಟೆಸ್ಟಿನಲ್ಲಿ ಸೊನ್ನೆ ಬಂದದ್ದಕ್ಕೆ ಆ ಹೆಸರನ್ನು ಅವಳೇ ಇಟ್ಟುಕೊಂಡಿದ್ದಳು. ಬೇರೆಯವರು ಇಡುವುದಕ್ಕಿಂತ ಮೊದಲೇ.

"ಹುಷಾರು ಕಣೇ. ಈ ಚೀಟಿ ನೋಡ್ಕೊಂಡೇ ಪ್ರಶ್ನೆಪತ್ರಿಕೆ ಮಾಡ್ತಾರಂತೆ, ಸೀನಿಯರ್‌ಗಳು ಹೇಳಿದ್ರು. ನಿಜ ಬರೆದರೆ ನಮ್ಮ ಗುಂಡಿ ನಾವೇ ತೋಡ್ಕೊಂಡ ಹಾಗೆ."

"ಮತ್ತೆ ನೀನೇನು ಬರೀತೀಯ?"

"'ಎಲ್ಲ' ಅಂತ. ನನಗೇನು, ಸೊನ್ನೆಯಿಂದ ಕೆಳಗಿಳಿಯೋಕೆ ಮೆಟ್ಟಿಲಿಲ್ಲ."

"ಮೈನಸ್ ಇದೆಯಲ್ಲೇ."

"ಆ ಪಾಠ ನಾನಿನ್ನೂ ಓದಿಲ್ಲ ಬಿಡು."

ನಾನು ಪೆನ್ನಿನ ತುದಿ ಕಚ್ಚುತ್ತ ಕೂತೆ. ನನ್ನ ಭಯಕ್ಕೆ ಒಂದೇ ಒಂದು ಹೆಸರಿತ್ತು. ಏಣಿ. ಕ್ಯಾಲ್ಕುಲಸ್‌ನ ಎಲ್ಲ ಪುಸ್ತಕಗಳಲ್ಲೂ ಆ ಲೆಕ್ಕ ಇರುತ್ತದೆ: ಗೋಡೆಗೆ ಒರಗಿಸಿದ ಏಣಿಯ ಬುಡ ಇಷ್ಟು ವೇಗದಲ್ಲಿ ಜಾರುತ್ತಿದೆ, ಹಾಗಾದರೆ ತುದಿ ಎಷ್ಟು ವೇಗದಲ್ಲಿ ಇಳಿಯುತ್ತದೆ? ಹಿಂದಿನ ವರ್ಷದ ಪರೀಕ್ಷೆಯಲ್ಲಿ ಅದೇ ಬಂದಿತ್ತು. ಗೋಡೆ ಬರೆದೆ, ನೆಲ ಬರೆದೆ, ಏಣಿಯ ಗೆರೆ ಎಳೆದೆ. ಆಮೇಲೆ ಗಂಟೆ ಬಾರಿಸುವವರೆಗೆ ಆ ಗೆರೆಯನ್ನೇ ನೋಡುತ್ತ ಕೂತಿದ್ದೆ. ಫೇಲಾದೆ. ನಮ್ಮ ವಿಭಾಗದಲ್ಲಿ ಒಂದೇ ವಿಷಯದಲ್ಲಿ ಎರಡು ಸಲ ಫೇಲಾದರೆ ಸೀಟು ಹೋಗುತ್ತದೆ. ಈ ಸಲದ್ದು ನನ್ನ ಎರಡನೆಯ ಸಲ.

ಅಪ್ಪ ಗೋಡೆಗೆ ಬಣ್ಣ ಹೊಡೆಯುತ್ತಿದ್ದವರು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಹಿಡಿದು ಅವರ ಕೆಲಸದ ಜಾಗಕ್ಕೆ ಹೋಗಿದ್ದೆ. ಅಪ್ಪ ಏಣಿಯ ತುದಿಯಲ್ಲಿದ್ದರು, ಬೆನ್ನು ನನ್ನ ಕಡೆಗೆ. ಏಣಿಯ ಬುಡ ನಯವಾದ ಟೈಲ್ಸಿನ ಮೇಲೆ ಸರಿಯುವುದು ನನಗೆ ಕಂಡಿತು. ನಿಧಾನವಾಗಿ, ಅಜ್ಜಿಯ ಕತೆಯಲ್ಲಿ ಬೆಟ್ಟಗಳು ಸರಿದು ರಾಜಕುಮಾರನಿಗೆ ದಾರಿ ಬಿಡುತ್ತವಲ್ಲ, ಹಾಗೆ. ಅದು ನಿಜವೆಂದು ನನಗನ್ನಿಸಲಿಲ್ಲ. ನಾನು ಕೂಗಲಿಲ್ಲ. ಆಮೇಲೆ ಅಪ್ಪನ ತೊಡೆಗೆ ರಾಡು ಹಾಕಿದರು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಏಣಿಯ ಲೆಕ್ಕ ಬಿಡಿಸುವುದೆಂದರೆ ಕೂಗಲು ಸಮಯವಿತ್ತೋ ಇಲ್ಲವೋ ಎಂಬುದನ್ನೂ ಬಿಡಿಸಿದಂತೆ. ಆ ಉತ್ತರ ನನಗೆ ಬೇಕಿರಲಿಲ್ಲ.

ಚೀಟಿಯಲ್ಲಿ 'ಪ್ರಾಡಕ್ಟ್ ರೂಲ್' ಎಂದು ಬರೆದು ಡಬ್ಬಿಗೆ ಹಾಕಿದೆ. ಎರಡು ಫಂಕ್ಷನ್‌ಗಳು ಗುಣಿಸಿಕೊಂಡಾಗ ಬಳಸುವ ನಿಯಮ ಅದು. ನನಗೆ ನೀರು ಕುಡಿದಷ್ಟು ಸಲೀಸು.

ವಾರದ ನಂತರ ನನ್ನ ಸರದಿ ಬಂತು. ಮೇಡಂ ರೂಮಿನಲ್ಲಿ ಒಂದು ಕಬ್ಬಿಣದ ಬೀರು, ಎರಡು ಕುರ್ಚಿ, ಕಿಟಕಿಯ ಮೇಲೆ ಒಣಗಲಿಟ್ಟ ಡಸ್ಟರು. ಮೇಜಿನ ಮೇಲೆ ನನ್ನ ಹೆಸರು ಬರೆದಿದ್ದ ಒಂದು ಹಾಳೆಯಿತ್ತು. ಪ್ರಾಡಕ್ಟ್ ರೂಲಿನ ಆರು ಲೆಕ್ಕ, ಸುಲಭದಿಂದ ಕಷ್ಟಕ್ಕೆ ಹೋಗುವಂತೆ ಕೈಯಲ್ಲೇ ಬರೆದದ್ದು. ಕಷ್ಟದ ಜಾಗ ಬರುವ ಕಡೆ ಪೆನ್ಸಿಲಿನಲ್ಲಿ 'ಇಲ್ಲಿ ಒಂದು ನಿಮಿಷ ನಿಂತ್ಕೋ' ಎಂದಿತ್ತು.

ಮೊದಲ ಎರಡನ್ನು ಸರಸರ ಮಾಡಿಬಿಟ್ಟೆ. ಮೇಡಂ ಹುಬ್ಬು ಮೇಲೇರಿತು. ಹೆದರಿ, ಮೂರನೆಯದನ್ನು ಬೇಕೆಂದೇ ತಪ್ಪು ಮಾಡಿದೆ. ಅವರು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಹೊಸದಾಗಿ, ಒಂಚೂರೂ ಬೇಸರವಿಲ್ಲದೆ ಹೇಳಿಕೊಟ್ಟರು. ನಾನು ಗೊತ್ತಿಲ್ಲದವಳಂತೆ ತಲೆಯಾಡಿಸಿದೆ.

"ನಿನಗೆ ಇದು ಬರುತ್ತಲ್ಲಮ್ಮಾ. ಭಯ ಎಲ್ಲಿತ್ತು?" ಎಂದರು ಕೊನೆಯಲ್ಲಿ.

"ಈಗ ಹೋಯ್ತು ಮೇಡಂ" ಎಂದೆ.

ಮನೆಗೆ ಬರುವಾಗ ಅಜ್ಜಿಯ ಕತೆ ನೆನಪಾಯಿತು. ರಾಕ್ಷಸ ಹೊತ್ತು ತಂದ ರಾಜಕುಮಾರಿ ಅವನ ಕಾಲೊತ್ತುತ್ತ "ನಿನ್ನ ಪ್ರಾಣ ಎಲ್ಲಿದೆ?" ಎಂದು ಕೇಳುತ್ತಾಳೆ. ಅವನು "ಬಾಗಿಲ ಹಿಂದಿನ ಪೊರಕೆಯಲ್ಲಿದೆ" ಎಂದು ಸುಳ್ಳು ಹೇಳುತ್ತಾನೆ. ಮರುದಿನ ಬಂದು ನೋಡಿದರೆ ಅವಳು ಪೊರಕೆಯನ್ನು ತೊಳೆದು, ಒರೆಸಿ, ಅದಕ್ಕೆ ಹೂ ಮುಡಿಸಿರುತ್ತಾಳೆ. ನನ್ನ ಚೀಲದಲ್ಲಿದ್ದ ಆರು ಲೆಕ್ಕದ ಹಾಳೆ ಆ ಪೊರಕೆಯ ಹೂವಿನಂತೆ ಕಂಡಿತು.

ಸೊನ್ನೆಯನ್ನು ಮೇಡಂ ನಾಲ್ಕು ಮಧ್ಯಾಹ್ನ ಕರೆದರು. 'ಎಲ್ಲ' ಎಂದು ಬರೆದವಳಿಗೆ ಅರ್ಧ ಗಂಟೆ ಎಲ್ಲಿ ಸಾಲುತ್ತದೆ?

ಪರೀಕ್ಷೆಗೆ ಐದು ದಿನವಿದ್ದಾಗ ಕೊನೆಯ ಕ್ಲಾಸು. ಮೇಡಂ ಖುಷಿಯಲ್ಲಿದ್ದರು.

"ನಿಮ್ಮ ಚೀಟಿಗಳಿಂದ ನನಗೆ ತುಂಬಾ ಸಹಾಯ ಆಯ್ತು. ಯಾವುದಕ್ಕೆ ನೀವು ಜಾಸ್ತಿ ಹೆದರಿದ್ದೀರೋ ಅದಕ್ಕೆಲ್ಲ ಮಾರ್ಕ್ಸ್ ಕಡಿಮೆ ಇಟ್ಟಿದೀನಿ. ಒಂದಕ್ಕೊಂದು ಕಟ್ಟಿಕೊಂಡ ವೇಗಗಳ ಲೆಕ್ಕ ಇದೆಯಲ್ಲ, ಟ್ಯಾಂಕಿಗೆ ನೀರು ತುಂಬೋದು, ಏಣಿ ಜಾರೋದು, ಬಲೂನು ಊದೋದು, ಅದಕ್ಕೆ ಒಬ್ಬರೂ ಹೆದರಿಲ್ಲ. ಹಾಗಾಗಿ ಕಡ್ಡಾಯ ಪ್ರಶ್ನೆ ಅದೇ. ಇಪ್ಪತ್ತು ಮಾರ್ಕ್ಸ್."

ಸೊನ್ನೆ ಮೆಲ್ಲಗೆ, "ನಾನು 'ಎಲ್ಲ' ಅಂತ ಬರೆದಿದ್ನಲ್ಲ, ಅದರಲ್ಲಿ ಇದು ಬರಲಿಲ್ವಾ?" ಎಂದು ಗೊಣಗಿದಳು.

ಹಿಂದಿನ ಬೆಂಚಿಗೆ ಹೋಗಿ ಬೆರಳು ಮಡಿಚಿ ಎಣಿಸಿದೆ. ಪಾಸಾಗಲು ನಲವತ್ತು. ಆ ಕಡ್ಡಾಯ ಪ್ರಶ್ನೆ ಬಿಟ್ಟರೆ ಖಂಡಿತ ಬರುವುದು ಇಪ್ಪತ್ತೆಂಟು, ಅದೃಷ್ಟವಿದ್ದರೆ ಮೂವತ್ತು. ಎಷ್ಟು ಸಲ ಮಡಿಚಿದರೂ ಬೆರಳು ಅಷ್ಟೇ.

ಮೇಡಂ ರೂಮಿನ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸ್ಸಾದೆ. ಮೊದಲ ಸಲ ಒಳಗೆ ಯಾರೋ ಇದ್ದರು. ಎರಡನೆಯ ಸಲ ಮೇಡಂ ಒಬ್ಬರೇ ಇದ್ದರು, ಅದಕ್ಕೇ ವಾಪಸ್ಸಾದೆ. ಮೂರನೆಯ ಸಲ ಮೇಡಮ್ಮೇ ಬಾಗಿಲು ತೆಗೆದರು.

"ಕಾರಿಡಾರಿನ ಅಳತೆ ಮುಗೀತಾ? ಒಳಗೆ ಬಾ."

ನಾನು ಕೂರಲಿಲ್ಲ. "ಮೇಡಂ, ನಾನು ಚೀಟೀಲಿ ಸುಳ್ಳು ಬರೆದಿದ್ದೆ. ನನಗೆ ಭಯ ಇರೋದು ಏಣಿ ಲೆಕ್ಕಕ್ಕೆ. ಅಪ್ಪ ಏಣಿಯಿಂದ ಬೀಳುವಾಗ ನಾನು ಅಲ್ಲೇ ಇದ್ದೆ" ಎಂದೆ. ಕೂಗದೇ ಇದ್ದದ್ದನ್ನು ಹೇಳಲು ಬಾಯಿ ಬರಲಿಲ್ಲ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಬೈದಿದ್ದರೆ ಎಷ್ಟೋ ಸುಲಭವಿತ್ತು.

"ಪ್ರಶ್ನೆಪತ್ರಿಕೆ ಸೀಲಾಗಿ ಹೋಗಿದೆಯಮ್ಮಾ. ಅದರಲ್ಲಿ ಏಣಿ ಇದೆಯೋ, ಟ್ಯಾಂಕ್ ಇದೆಯೋ ನಾನು ಹೇಳೋ ಹಾಗಿಲ್ಲ. ಈಗ ನಿನ್ನನ್ನ ಕೂರಿಸಿ ಅದನ್ನೇ ಹೇಳಿಕೊಟ್ಟರೆ ಉಳಿದ ನಲವತ್ತು ಜನಕ್ಕೆ ಮೋಸ."

"ಗೊತ್ತು ಮೇಡಂ."

"ಅಪ್ಪ ಈಗ ಹೇಗಿದಾರೆ?"

"ಪೇಂಟ್ ಅಂಗಡೀಲಿ ಬಣ್ಣ ಬೆರೆಸ್ತಾರೆ. ಕೂತು ಮಾಡೋ ಕೆಲಸ."

"ಹಾಗಿದ್ರೆ ಏಣಿ ಬಗ್ಗೆ ನನಗಿಂತ ಚೆನ್ನಾಗಿ ತಿಳಿದೋರು ನಿಮ್ಮನೇಲೇ ಇದಾರೆ. ಲೆಕ್ಕ ಕೇಳಬೇಡ. ಏನಾಯ್ತು ಅಂತ ಕೇಳು." ಬಾಗಿಲವರೆಗೆ ಬಂದು ಮತ್ತೆ ಹೇಳಿದರು: "ಆ ಆರು ಲೆಕ್ಕದಲ್ಲಿ ಮೂರನೇದನ್ನ ಬೇಕಂತ ತಪ್ಪು ಮಾಡಿದೆ, ಅಲ್ವಾ? ಅಷ್ಟು ಒಳ್ಳೇ ತಪ್ಪು ಮಾಡೋಕೆ ಲೆಕ್ಕ ಚೆನ್ನಾಗಿ ಬರಬೇಕು."

ಅಪ್ಪನನ್ನು ಕೇಳುವ ಧೈರ್ಯ ಬರಲು ಎರಡು ದಿನ ಹಿಡಿಯಿತು. ಮೊದಲು ಅಜ್ಜಿಯ ಹತ್ತಿರ ಹೋದೆ. ಅಪ್ಪನ ಅಮ್ಮ ಅವಳು; ಬೆಳಗಿನ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು.

"ಅಜ್ಜಿ, ರಾಕ್ಷಸ ಮೊದಲು ಸುಳ್ಳು ಹೇಳಿದೋನು ಕೊನೆಗೆ ಯಾಕೆ ನಿಜ ಹೇಳಿದ?"

"ಪೊರಕೆಗೂ ಹೂ ಮುಡಿಸೋರು ಇದಾರಲ್ಲ ಅಂತ ಕರಗಿಹೋದ."

"ಹೇಳಿದ್ದಕ್ಕೆ ಸತ್ತನಲ್ಲ."

"ಸಾಯದೆ ಇನ್ನೇನು? ಸಾವಿರ ವರ್ಷ ಪ್ರಾಣವನ್ನ ಒಂದು ಗಿಳಿಯೊಳಗೆ ಬಚ್ಚಿಟ್ಟುಕೊಂಡು ಕಾದು ಸುಸ್ತಾಗಿದ್ದ. ನಿನ್ನ ಮುಖ ಯಾಕೆ ಹಾಗಿದೆ? ನೀನೂ ಗಿಳಿ ಸಾಕಿದೀಯಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು. ಎದ್ದು ಅಪ್ಪನ ಅಂಗಡಿಗೆ ನಡೆದೆ.

ಅಪ್ಪ ಎತ್ತರದ ಸ್ಟೂಲಿನ ಮೇಲೆ ಕೂತು, ಬೆರೆಸಿದ ಬಣ್ಣದ ಒಂದು ಹನಿಯನ್ನು ಡಬ್ಬದ ಮುಚ್ಚಳಕ್ಕೆ ಹಚ್ಚುತ್ತಿದ್ದರು, ಒಳಗೆ ಯಾವ ಬಣ್ಣವಿದೆಯೆಂದು ಗೊತ್ತಾಗಲಿ ಅಂತ. ಪಕ್ಕದಲ್ಲಿ ಡಬ್ಬ ಕುಲುಕುವ ಯಂತ್ರ ಗಡಗಡ ಎನ್ನುತ್ತಿತ್ತು. ಅದು ನಿಲ್ಲುವವರೆಗೆ ಕಾದೆ.

"ಅಪ್ಪ, ಅವತ್ತು ಏಣಿ ಹೇಗೆ ಜಾರಿತು?"

ಅಪ್ಪ ನನ್ನನ್ನೇ ನೋಡಿದರು. ಆಮೇಲೆ ಬಣ್ಣ ಕಲಕುವ ಕೋಲೊಂದನ್ನು ಒರೆಸಿ, ಕೌಂಟರಿನ ಮೇಲೆ ಒಂದು ಡಬ್ಬಕ್ಕೆ ಒರಗಿಸಿದರು. ಬುಡಕ್ಕೆ ಬೆರಳಿಟ್ಟು ಒಂದೇ ಸಮ ಎಳೆಯತೊಡಗಿದರು.

"ತುದಿ ನೋಡು. ಮೊದಮೊದಲು ಇಳಿಯೋದೇ ಗೊತ್ತಾಗಲ್ಲ. ಬುಡ ಅಷ್ಟು ದೂರ ಹೋದರೂ ಮೇಲಿರೋನಿಗೆ ಸುದ್ದಿನೇ ಇರಲ್ಲ. ಹಸಿ ಬಣ್ಣದ ಮೇಲೆ ಎರಡು ಗೀರು ಬಿತ್ತು, ಅಯ್ಯೋ ಗೋಡೆ ಹಾಳಾಯ್ತಲ್ಲ ಅಂದ್ಕೊಂಡೆ." ಕೋಲು ಅರ್ಧ ದಾಟಿತು. "ಇಲ್ಲಿಂದ ನೋಡು." ಬೆರಳು ಅದೇ ನಿಧಾನದಲ್ಲಿತ್ತು, ತುದಿ ಮಾತ್ರ ಸರ್ರನೆ ಬಂದು ಟಪ್ಪೆಂದು ಬಡಿಯಿತು. "ಟೈಲ್ಸ್ ಮೇಲೆ ಯಾವಾಗಲೂ ಒದ್ದೆ ಗೋಣಿಚೀಲ ಹಾಕ್ತಿದ್ದೆ. ಅವತ್ತು ಹತ್ತು ನಿಮಿಷದ ಕೆಲಸ ಅಂತ ಬಿಟ್ಟೆ. ಮಾಡಿದ್ದುಣ್ಣೋ ಮಹಾರಾಯ."

"ನನಗೆ ಕಾಣಿಸಿತ್ತು ಅಪ್ಪ. ಬುಡ ಜಾರೋದು. ನಾನು ಕೂಗಲಿಲ್ಲ."

ಅಪ್ಪ ಕೋಲನ್ನು ಡಬ್ಬದ ಮೇಲೆ ಅಡ್ಡ ಇಟ್ಟರು. ಗಿರಾಕಿಯೊಬ್ಬ ಬಂದು ಬ್ರಷ್ ಕೇಳಿದ, ಕೊಟ್ಟು ಕಳಿಸಿದರು.

"ಕೂಗಿದ್ರೆ ತಿರುಗಿ ನೋಡ್ತಿದ್ದೆ. ತಿರುಗಿದ್ರೆ ತಲೆ ಕೆಳಗಾಗಿ ಬರ್ತಿದ್ದೆ. ಕಾಲು ಹೋಗೋ ಜಾಗದಲ್ಲಿ ಕುತ್ತಿಗೆ ಹೋಗ್ತಿತ್ತು" ಎಂದರು. "ಇದನ್ನ ಇಟ್ಕೊಂಡು ಎರಡು ವರ್ಷ ಓಡಾಡಿದ್ಯಾ?"

ಅದು ನಿಜವೋ, ನನಗಾಗಿ ಆ ಗಳಿಗೆಯಲ್ಲಿ ಬೆರೆಸಿದ ಬಣ್ಣವೋ, ನನಗೆ ಗೊತ್ತಾಗಲಿಲ್ಲ.

ಪರೀಕ್ಷೆಯ ದಿನ ಬಂತು. ಪತ್ರಿಕೆಯನ್ನು ತಿರುಗಿಸಿದೆ. ಕಡ್ಡಾಯ ಪ್ರಶ್ನೆ: ಐದು ಮೀಟರ್ ಉದ್ದದ ಏಣಿ. ಬುಡ ಸೆಕೆಂಡಿಗೆ ಅರವತ್ತು ಸೆಂಟಿಮೀಟರಿನಂತೆ ಜಾರುತ್ತಿದೆ. ಬುಡ ಗೋಡೆಯಿಂದ ಮೂರು ಮೀಟರ್ ದೂರದಲ್ಲಿರುವಾಗ ತುದಿಯ ವೇಗವೆಷ್ಟು? ನಾಲ್ಕು ಮೀಟರ್ ದೂರದಲ್ಲಿರುವಾಗ?

ಅಕ್ಷರಗಳು ನೀರಿನಲ್ಲಿ ತೇಲಿದಂತಾದವು. ಹೋದ ವರ್ಷದಂತೆಯೇ ಗೋಡೆ, ನೆಲ, ಓರೆ ಗೆರೆ. ಪೆನ್ನು ಅಲ್ಲೇ ನಿಂತಿತು. ಗೋಡೆ ಗಡಿಯಾರದ ಸದ್ದು ನನ್ನ ಕಿವಿಗೇ ಬಡಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಸೊನ್ನೆ ಆಗಲೇ ಬಗ್ಗಿ ಬರೆಯುತ್ತಿದ್ದಳು, ಅವಳ ಜಡೆ ಮೇಜಿನ ಮೇಲೆ ಕುಣಿಯುತ್ತಿತ್ತು.

ಪೆನ್ನಿನ ಮುಚ್ಚಳವನ್ನು ನಿಲ್ಲಿಸಿದೆ. ಪೆನ್ಸಿಲನ್ನು ಅದಕ್ಕೆ ಒರಗಿಸಿ ಬುಡವನ್ನು ಬೆರಳಲ್ಲಿ ಎಳೆದೆ. ಮೊದಲು ಸುದ್ದಿಯೇ ಇಲ್ಲ. ಆಮೇಲೆ ಟಪ್. ಮೇಲ್ವಿಚಾರಕರು ನನ್ನ ಕಡೆ ನೋಡಿದರು. ನಾನು ಬರೆಯತೊಡಗಿದೆ. ಏಣಿಯ ಉದ್ದ ಬದಲಾಗುವುದಿಲ್ಲ. ಬುಡದ ದೂರ ಹೆಚ್ಚಿದಷ್ಟೂ ತುದಿಯ ಎತ್ತರ ಕಡಿಮೆಯಾಗಲೇಬೇಕು. ಮೂರು ಮೀಟರಿನಲ್ಲಿ ನಲವತ್ತೈದು ಬಂತು. ನಾಲ್ಕರಲ್ಲಿ ಎಂಬತ್ತು. ಅಪ್ಪ ಹೇಳಿದಂತೆಯೇ.

ಇನ್ನೂ ಹತ್ತು ನಿಮಿಷವಿತ್ತು. ಯಾರೂ ಕೇಳದ ಪ್ರಶ್ನೆಯೊಂದನ್ನು ಕೊನೆಯ ಹಾಳೆಯಲ್ಲಿ ಬಿಡಿಸಿದೆ. ಅಪ್ಪನ ಏಣಿಗೂ ಇದೇ ಉದ್ದ, ಇದೇ ವೇಗ, ಅವತ್ತು ನಾನು ನೋಡಿದಾಗ ಬುಡ ಸುಮಾರು ಮೂರು ಮೀಟರಿನಲ್ಲಿತ್ತು ಎಂದಿಟ್ಟುಕೊಂಡರೆ, ನೆಲ ಸೇರಲು ಇನ್ನೆರಡು ಮೀಟರ್. ಮೂರು ಸೆಕೆಂಡು ಮತ್ತು ಸ್ವಲ್ಪ. ಮನಸ್ಸಿನಲ್ಲೇ ಎಣಿಸಿದೆ. ಒಂದು, ಎರಡು, ಮೂರು. ಕೂಗಲು ಸಾಕು. ಅಪ್ಪ ಏಣಿಯಿಂದ ಇಳಿಯಲು ಸಾಲದು.

ಆ ಲೆಕ್ಕದ ಮೇಲೆ ಒಂದು ಗೆರೆ ಹೊಡೆದು ಉತ್ತರಪತ್ರಿಕೆ ಕೊಟ್ಟು ಬಂದೆ.

ಹದಿನೆಂಟು ದಿನ ಫಲಿತಾಂಶಕ್ಕೆ ಕಾದೆ. ಹತ್ತೊಂಬತ್ತನೆಯ ದಿನ ಮೇಡಂ ಒಬ್ಬೊಬ್ಬರಿಗೂ ಪತ್ರಿಕೆ ತೋರಿಸಿದರು. ಸೊನ್ನೆಗೆ ಐವತ್ತೊಂದು. "ಇನ್ನು ಹೊಸ ಹೆಸರು ಹುಡುಕಬೇಕಲ್ಲೇ" ಎಂದು ಅವಳು ಪೇಚಾಡಿದಳು. ನನಗೆ ನಲವತ್ತನಾಲ್ಕು. ಏಣಿಗೆ ಇಪ್ಪತ್ತಕ್ಕೆ ಹದಿನಾರು. ನಾಲ್ಕು ಹೋದದ್ದು ಯಾಕೆಂದು ನೋಡಿದೆ. ತುದಿ ಇಳಿಯುವ ವೇಗಕ್ಕೆ ಮೈನಸ್ ಹಾಕಬೇಕಿತ್ತು, ಎರಡೂ ಕಡೆ ಮರೆತಿದ್ದೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಏಣಿ ಬೀಳುತ್ತಿದೆ, ಏಳುತ್ತಿಲ್ಲ' ಎಂದಿತ್ತು. ಗೆರೆ ಹೊಡೆದ ಮೂರು ಸೆಕೆಂಡಿನ ಲೆಕ್ಕದ ಕೆಳಗೂ ಅದೇ ಶಾಯಿಯಲ್ಲಿ ಸಣ್ಣದಾಗಿ 'ಇದು ಸರಿಯಾಗಿದೆ' ಎಂದು ಬರೆದಿದ್ದರು.

ಅಲ್ಲಿಂದ ನೇರವಾಗಿ ಅಂಗಡಿಗೆ ಹೋದೆ. ಯಂತ್ರ ಗಡಗಡ ಎನ್ನುತ್ತಲೇ ಇತ್ತು, ಆ ಸದ್ದಿನ ನಡುವೆಯೇ ಹೇಳಿದೆ: ಪಾಸಾದೆ, ಆದರೆ ಮೈನಸ್ ಹಾಕದೆ ನಾಲ್ಕು ಮಾರ್ಕ್ಸ್ ಹೋಯ್ತು.

"ಮೈನಸ್ ಹಾಕದಿದ್ರೆ ಏನಾಗುತ್ತೆ?"

"ಏಣಿ ಕೆಳಗೆ ಬರೋ ಬದಲು ಮೇಲಕ್ಕೆ ಹೋಗುತ್ತೆ ಅಪ್ಪ."

ಅಪ್ಪ ಯಂತ್ರ ನಿಲ್ಲಿಸಿ, ಡಬ್ಬ ಹೊರಗೆ ತೆಗೆದು, ಮುಚ್ಚಳಕ್ಕೆ ಒಂದು ಹನಿ ಬಣ್ಣ ಹಚ್ಚಿದರು.

"ಮೇಲಿದ್ದೋನು ನಾನು ತಾನೇ? ನಾಲ್ಕು ಮಾರ್ಕ್ಸ್ ಹೋದರೆ ಹೋಗಲಿ ಬಿಡು."