ಶೆಡ್ಡಿನ ಮೇಲೆ ಹೊರಿಸಿದ ತಪ್ಪು

ಮಹೀನಳ ಎರಡನೆಯ ಕೂಸೂ ಹೊಟ್ಟೆಯಲ್ಲೇ ಹೋದ ಮೇಲೆ ಅವಳ ಮಾವ ಬಾಬಾಜಾನನ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬಾಯಿ ಬಿಡುತ್ತಿದ್ದವಳು ಅವನ ಹೆಂಡತಿ ಫಿರೋಜಾ ಒಬ್ಬಳೇ. ಅವಳ ಬಾಯಿ ಮುಚ್ಚಿಸುವ ಗಂಡಸು ರಾಮನಗರದಲ್ಲಿ ಇನ್ನೂ ಹುಟ್ಟಿಲ್ಲ.

“ನಿಮ್ಮ ಶೆಡ್ಡೇ ಮಗೀನ ತಿಂದಿದ್ದು ಕಣ್ರೀ. ಆ ನಾತನೇ ತಿಂದಿದ್ದು.”

ಬಾಬಾಜಾನನ ರೇಷ್ಮೆ ಶೆಡ್ಡು ಇದ್ದದ್ದು ಮನೆಯ ಹಿತ್ತಿಲಲ್ಲಿ. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳ ಮೂಟೆಯಲ್ಲೇ ಕೊಳೆತರೆ ಕೆಟ್ಟ ಮೊಟ್ಟೆಯ ನಾತ. ಮದುವೆಗೆ ಮುಂಚಿನಿಂದಲೂ ಅದರಲ್ಲೇ ಉಂಡು ಮಲಗಿದ ಬಾಬಾಜಾನನಿಗೆ ಅದು ವಾಸನೆಯೇ ಅಲ್ಲ. ಮೊದಲನೆಯದು ಹೋಗಿತ್ತಲ್ಲ, ಈ ಸಲ ಸೊಸೆ ಬಸುರಿಯೆಂದು ತಿಳಿದ ಕೂಡಲೇ ಫಿರೋಜಾ ಅವಳನ್ನು ಮಾಗಡಿ ಕಡೆ ಕಲ್ಯದ ತವರಿಗೆ ಕಳಿಸಿದಳು, ಒಳ್ಳೆ ಗಾಳಿ ಕುಡಿಯಲಿ ಎಂದು. ಗಾಳಿಯೇನೋ ಚೆನ್ನಾಗಿತ್ತು, ಬಿ.ಪಿ. ನೋಡುವವರು ಇರಲಿಲ್ಲ. ಕಾಲು ಊದಿದಾಗ ಬಸುರಿಯರಿಗೆ ಇದ್ದದ್ದೇ ಎಂದುಕೊಂಡರು. ಏಳನೇ ತಿಂಗಳಲ್ಲಿ ಮಗು ಮಿಸುಕಾಡುವುದನ್ನು ನಿಲ್ಲಿಸಿತು.

“ಅವ್ಳು ಕಲ್ಯದಾಗಿದ್ಲಲ್ಲೇ,” ಎಂದ ಬಾಬಾಜಾನ್ ಮೆಲ್ಲಗೆ.

“ಮೊದ್ಲು ಕುಡ್ದಿದ್ದು ಎಲ್ಲೋಯ್ತದೆ? ಮೈಯಾಗೇ ಕುಂತಿರ್ತದೆ. ಹೋಗಿ ಡಾಕ್ಟ್ರನ್ನ ಕೇಳ್ಕಂಡ್ ಬನ್ನಿ. ಶೆಡ್ಡಿಂದ ಅಂದ್ರೆ ಶೆಡ್ಡು ಮುಚ್ಚಿ. ಅಲ್ಲ ಅಂದ್ರೆ ದೋಸ ಹುಡುಗೀದು. ಅವ್ಳನ್ನ ತವರಿಗೇ ಬುಟ್ಟು ಬಂದು ಮುಷರಫ್‌ಗೆ ಬೇರೆ ಹೆಣ್ಣು ನೋಡ್ತೀನಿ.”

ಒಳಗೆ ಮಲಗಿದ್ದ ಮಹೀನಳಿಗೆ ಕೇಳಲಿ ಎಂದೇ ಆಡಿದ ಮಾತು. ಮಗ ಮುಷರಫ್ ಗೋಡೆಗೊರಗಿ ನೆಲ ನೋಡುತ್ತಿದ್ದ. ಅಮ್ಮನೆದುರು ಅವನಿಗೆ ನಾಲಗೆಯೇ ಇಲ್ಲ. ಫಿರೋಜಾ ಕೆಟ್ಟವಳೆಂದು ತಿಳಿಯಬೇಡಿ. ಹೊಲಿದಿಟ್ಟ ಕುಲಾವಿಗಳನ್ನು ಎದೆಗೊತ್ತಿಕೊಂಡು ಒಬ್ಬಳೇ ಅಳುತ್ತಿದ್ದವಳು ಅವಳು. ಆದರೆ ಅಷ್ಟು ದುಃಖಕ್ಕೆ ಬೈಯಲು ಯಾರಾದರೂ ಬೇಕಾಗಿತ್ತು.

ಬಾಬಾಜಾನ್ ಕನಕಪುರದ ಬಸ್ಸು ಹತ್ತಿದ. ಮಹೀನಳಿಗೆ ಹೆರಿಗೆ ಮಾಡಿಸಿದ ಡಾಕ್ಟರ್ ಲತಾಮಣಿ ಅಲ್ಲಿದ್ದರು. ತನ್ನ ಶೆಡ್ಡಿನ ನಾತ ಕೂಸಿಗೆ ತಾಗಿತೇ ಎಂದು ಕೇಳಿದ.

“ಅಲ್ಲ ಬಾಬಾಜಾನ್. ಕೆಟ್ಟ ಮೊಟ್ಟೆ ವಾಸನೆ ಬರೋ ಗ್ಯಾಸ್ ಇದೆಯಲ್ಲ, ಜಾಸ್ತಿ ಆದರೆ ಅದು ವಿಷ ನಿಜ. ಆದರೆ ಅದನ್ನೇ ನಮ್ಮ ಮೈ ತಾನೇ ಚೂರು ಚೂರು ತಯಾರು ಮಾಡ್ಕೊಳ್ಳುತ್ತೆ. ರಕ್ತನಾಳಕ್ಕೆ ಸಡಿಲ ಆಗು ಅಂತ ಹೇಳೋದು ಅದರ ಕೆಲಸ. ಕೆಲವರಿಗೆ ಬಸುರಿನಲ್ಲಿ ಮಗುವಿಗೆ ರಕ್ತ ಒದಗಿಸೋ ಮಾಸು ಅದನ್ನ ಸಾಕಷ್ಟು ಮಾಡೋದಿಲ್ಲ. ಆಗ ನಾಳ ಬಿಗಿಯುತ್ತೆ, ಬಿ.ಪಿ. ಏರುತ್ತೆ, ಮಗುವಿಗೆ ರಕ್ತ ಸಾಲೋದಿಲ್ಲ. ನಿಮ್ಮ ಸೊಸೆಗೂ ಹಾಗೇ ಆಗಿರಬಹುದು. ಅವಳ ತಪ್ಪೇನಿಲ್ಲ. ಮುಂದಿನ ಸಲ ಮೊದಲ ತಿಂಗಳಿಂದಲೇ ಕರ್ಕೊಂಡು ಬನ್ನಿ.”

ನಾತ ಹೆಚ್ಚಾಯಿತೆಂದು ಹೆದರಿ ಅವಳನ್ನು ದೂರ ಕಳಿಸಿದ್ದರು. ಕೂಸು ಹೋದದ್ದು ಅದೇ ಗ್ಯಾಸು ಮೈಯಲ್ಲಿ ಕಡಿಮೆಯಾಗಿ. ಬಾಬಾಜಾನನಿಗೆ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಬಸ್ಸಿನಲ್ಲಿ ಕೂತು ಡಾಕ್ಟರ ಮಾತನ್ನು ಹೆಂಡತಿಗೆ ಹೇಳುವ ಹಾಗೆ ಮನಸ್ಸಿನಲ್ಲೇ ಹೇಳಿ ನೋಡಿದ. ಹೇಗೆ ಹೇಳಿದರೂ ‘ಅವಳ ತಪ್ಪಲ್ಲ’ ಎನ್ನುವುದು ಹೊಸಿಲಾಚೆಯೇ ಉಳಿಯುತ್ತಿತ್ತು, ‘ಅವಳ ಮೈಯಲ್ಲಿ ಕಡಿಮೆ’ ಎನ್ನುವುದಷ್ಟೇ ಒಳಗೆ ಹೋಗುತ್ತಿತ್ತು.

ಫಿರೋಜಾ ಬಾಗಿಲಲ್ಲೇ ಕಾದಿದ್ದಳು. “ಏನಂದ್ರು?”

“ಶೆಡ್ಡೇ ಅಂತೆ,” ಎಂದ. ಬೇರೆ ದಿನವಾಗಿದ್ದರೆ ಅವನ ಸುಳ್ಳನ್ನು ಅವಳು ಮುಖ ನೋಡಿಯೇ ಹಿಡಿಯುತ್ತಿದ್ದಳು. “ಮುಂದಿನ್ ಸಲ ಎಲ್ಲೂ ಕಳಿಸ್ಬಾರ್ದಂತೆ. ಮೊದ್ಲ ತಿಂಗ್ಳಿಂದ್ಲೇ ಬಿ.ಪಿ. ನೋಡಿಸ್ಬೇಕಂತೆ.”

ಅವಳು ಹಣೆ ಹಣೆ ಚಚ್ಚಿಕೊಂಡು ಅವನ ವಂಶವನ್ನೆಲ್ಲ ಜಾಲಾಡಿದಳು. ಆಮೇಲೆ ಗಂಜಿ ಕಾಯಿಸಿ ಒಳಗೆ ಒಯ್ದು, “ಏಳು ಬೇಟಿ, ಒಸಿ ಕುಡಿ,” ಎಂದಳು. ಹೊರಗೆ ಕೂತಿದ್ದ ಬಾಬಾಜಾನ್ ಮಗಳೇ ಎನ್ನುವ ಆ ‘ಬೇಟಿ’ಯನ್ನು ಕೇಳಿಸಿಕೊಂಡ. ಅಷ್ಟು ಸಾಕಾಗಿತ್ತು.

ನೂಲು ಬಿಚ್ಚುವ ಬೇಸಿನ್ನುಗಳನ್ನು ಪಕ್ಕದ ಬೀದಿಯ ಸಾಬೀರ್ ಕೊಂಡ. ಅಪ್ಪ ಮಗ ಇಬ್ಬರೂ ನಾಳೆಯಿಂದ ಅವನ ಶೆಡ್ಡಿಗೇ ಕೂಲಿಗೆ ಹೋಗುವುದೆಂದಾಯಿತು. ಸಾಮಾನು ಎತ್ತಿಸಿ ಕಳಿಸಿದ ಸಂಜೆ ಬಾಬಾಜಾನ್ ಖಾಲಿ ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದ. ಮಹೀನ್ ಟೀ ತಂದಳು.

“ಡಾಕ್ಟ್ರಮ್ಮ ನಂಗೂ ಹೇಳಿದ್ರು ಅಬ್ಬಾ, ಆಸ್ಪತ್ರೆ ಬುಡೋವಾಗ. ವಾಸ್ನೆಯಿಂದ ಅಲ್ಲ, ನನ್ ಮೈಯಾಗೇ ಕಮ್ಮಿ ಅಂತ. ಹೆದ್ರಿ ಸುಮ್ನಿದ್ದೆ. ಈಗ ಅಮ್ಮೀಗೆ ಹೇಳ್ಬುಡ್ತೀನಿ. ಶೆಡ್ಡಾದ್ರೂ ಉಳೀಲಿ.”

“ಶೆಡ್ಡು ಉಳೀತದೆ ಮಗಾ. ನೀನು ಉಳೀಬೇಕಲ್ಲ,” ಎಂದ ಬಾಬಾಜಾನ್.

ಕೂಸು ಮಣ್ಣಾದ ದಿನವೂ ಅಳದಿದ್ದ ಹುಡುಗಿ ಬರಿ ನೆಲದ ಮೇಲೆ ಕುಸಿದು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಏನು ಮಾಡಬೇಕೆಂದು ತೋಚದೆ ಅವನು ಹೋಗಿ ಬಾಗಿಲಿಗೆ ಅಡ್ಡ ನಿಂತ.

“ಯಾರ್ರೀ ಅದು ಅಳ್ತಿರೋದು?” ಎಂದು ಫಿರೋಜಾ ಮನೆಯೊಳಗಿನಿಂದ ಕೂಗಿದಳು.

“ನಾನೇ ಕಣೆ,” ಎಂದ. ಅವನ ಗಂಟಲೂ ಕಟ್ಟಿತ್ತು, ಹಾಗಾಗಿ ಅವಳು ನಂಬಿದಳು.